ಗೇರ್‌ಬಾಕ್ಸ್ ಕೇಸ್ ಸೀಳಿದ್ದು ಹಂಪ್‌ನಿಂದಲೇ?

ಕಳೆದ ಮಳೆಗಾಲದಲ್ಲಿ ಕನಕಪುರ ರಸ್ತೆ ಕಡೆಯಿಂದ ಒಂದು ಕಾರನ್ನು ನನ್ನ ಗ್ಯಾರೇಜಿಗೆ ಟೋ ಮಾಡಿಸಿಕೊಂಡು ಬಂದರು. ಗೇರ್‌ಬಾಕ್ಸ್ ಕೇಸ್, ಅಂದರೆ ಅದರ ಹೊರಕವಚ, ಸೀಳಿ ಆಯಿಲ್ ಸೋರುತ್ತಿತ್ತು. "ಹಂಪ್ ತಗುಲಿರಬೇಕು, ಬೇರೆ ಕೇಸ್ ಹಾಕಿಬಿಡಿ" ಎಂದರು ಮಾಲೀಕರು. ಬೆಂಗಳೂರಿನಲ್ಲಿ ಗಾಡಿ ಓಡಿಸುವ ಯಾರಿಗಾದರೂ ಮೊದಲು ಹಂಪೇ ನೆನಪಾಗುತ್ತದೆ. ಆದರೆ ಕಾರಣ ಸಿಗುವವರೆಗೆ ನಾನು ಕೇಸ್ ಬದಲಿಸುವುದಿಲ್ಲ. ಮೂಲ ತೊಂದರೆ ಹಾಗೇ ಉಳಿದರೆ ಬೇರೆ ಕೇಸೂ ಸೀಳುತ್ತದೆ, ಅಲ್ವಾ?

ಕೇಸ್ ಅಲ್ಯೂಮಿನಿಯಂನದು. ಕಲ್ಲೋ ಹಂಪೋ ಬಡಿದಿದ್ದರೆ ಉಜ್ಜಿದ ಗುರುತು ಇರಬೇಕು, ಅಂಚು ಒಳಕ್ಕೆ ತಗ್ಗಿರಬೇಕು. ಒಳಗೆ ಬೇರಿಂಗೋ ಗೇರ್ ಹಲ್ಲೋ ಮುರಿದು ಗುದ್ದಿದ್ದರೆ ಅಂಚು ಹೊರಕ್ಕೆ ಉಬ್ಬಿರುತ್ತದೆ, ಆಯಿಲ್ ಜೊತೆ ಲೋಹದ ಚೂರು ಬರುತ್ತದೆ. ಇಲ್ಲಿ ಎರಡೂ ಇರಲಿಲ್ಲ. ತಳದ ಮಣ್ಣು ಕೂಡ ಕದಲಿರಲಿಲ್ಲ. ಸೀಳು ಇದ್ದದ್ದು ಮೇಲೆ, ಎಂಜಿನ್‌ಗೆ ಕೂರುವ ಗಂಟೆಯಾಕಾರದ ಭಾಗದಲ್ಲಿ (ಬೆಲ್ ಹೌಸಿಂಗ್), ಬೋಲ್ಟ್ ತೂರುವ ಕಿವಿಯಿಂದ ಶುರುವಾಗಿ ಕೆಳಗಿಳಿದಿತ್ತು.

ಬಿಚ್ಚಿ ಮುರಿದ ಮುಖ ನೋಡಿದೆ. ಕಿವಿಯ ಹತ್ತಿರ ಕೊಳೆ ಹಿಡಿದು ಕಪ್ಪಾಗಿತ್ತು, ಉಳಿದದ್ದು ಬೆಳ್ಳಗೆ ಹೊಳೆಯುತ್ತಿತ್ತು. ಅಂದರೆ ಸೀಳು ಹಳೆಯದು. ಹಲವು ದಿನ ನಿಧಾನವಾಗಿ ಬೆಳೆದು, ಕೊನೆಗೆ ಒಮ್ಮೆಲೇ ಬಿಟ್ಟುಕೊಂಡಿದೆ.

"ಈಚೆಗೆ ಕ್ಲಚ್ ಕೆಲಸ ಮಾಡಿಸಿದ್ರಾ?" ಎಂದು ಕೇಳಿದೆ. ಕ್ಲಚ್ ಬದಲಿಸಲು ಗೇರ್‌ಬಾಕ್ಸ್ ಕೆಳಗಿಳಿಸಬೇಕಲ್ಲ. ನಾಲ್ಕು ತಿಂಗಳ ಹಿಂದೆ ಬೇರೆ ಕಡೆ ಪ್ಲೇಟ್ ಬದಲಿಸಿದ್ದರಂತೆ. ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಎರಡು ಡವೆಲ್ ಪಿನ್ ಇರಬೇಕಿತ್ತು. ಒಂದೇ ಇತ್ತು. ಬೆರಳ ತುದಿಯಷ್ಟು ಉಕ್ಕಿನ ಕೊಳವೆ ಅದು. ಗೇರ್‌ಬಾಕ್ಸ್ ನೆಟ್ಟಗೆ ಕೂರುವಂತೆ ಮಾಡುವುದು ಅದೇ. ಅದಿಲ್ಲದೆ ಬೋಲ್ಟ್ ಬಿಗಿದರೆ ಕೇಸ್ ವಾರೆಯಾಗಿಯೇ ಎಳೆದುಕೊಂಡು ಕೂರುತ್ತದೆ. ಆಮೇಲೆ ಪ್ರತಿ ಅದುರುವಿಕೆಯೂ ಆ ಒಂದು ಕಿವಿಯ ಮೇಲೆ. ಜೊತೆಗೆ ಗೇರ್‌ಬಾಕ್ಸನ್ನು ಗಾಡಿಗೆ ಹಿಡಿದಿಡುವ ಮೌಂಟ್‌ನ ರಬ್ಬರ್ ಹರಿದಿತ್ತು, ಹಾಗಾಗಿ ಅದುರುವಿಕೆಯೂ ಜಾಸ್ತಿ. ಇಷ್ಟು ಚಿಕ್ಕ ತುಂಡನ್ನು ಮರೆತು ಯಾರದೋ ದುಡಿದ ದುಡ್ಡು ಹಾಳಾದದ್ದು ನೋಡಿ ನನಗೆ ನಿಜಕ್ಕೂ ಬೇಸರವಾಯಿತು.

ಆರ್ಗಾನ್ ವೆಲ್ಡಿಂಗ್ ಮಾಡಿ ಎಂದೂ ಕೇಳಿದರು. ಬೇರಿಂಗ್ ಕೂರುವ ಜಾಗದಿಂದ ದೂರದ ಚಿಕ್ಕ ಸೀಳಾಗಿದ್ದರೆ ನೋಡಬಹುದಿತ್ತು. ಇಲ್ಲಿ ಬೇಡ ಎಂದೆ. ಬಿಸಿಗೆ ಕೇಸ್ ಸೊಟ್ಟಗಾದರೆ ಶಾಫ್ಟ್‌ಗಳ ಸಾಲು ತಪ್ಪುತ್ತದೆ. ಜೆ.ಸಿ. ರಸ್ತೆಯಲ್ಲಿ ಒಳ್ಳೆಯ ಹಳೆ ಕೇಸ್ ಸಿಕ್ಕಿತು. ಡವೆಲ್, ಮೌಂಟ್ ಹೊಸದು ಹಾಕಿ, ಬಿಗಿತ ಅಳೆಯುವ ಟಾರ್ಕ್ ರೆಂಚ್‌ನಲ್ಲಿ ಬೋಲ್ಟ್ ಬಿಗಿದೆ.

ನಿಮ್ಮ ಕಾರಿಗೂ ಹೀಗಾದರೆ ದಯವಿಟ್ಟು ಸುಮ್ನೆ ತೊಳೆಸಿ ತರಬೇಡಿ. ಆಯಿಲ್, ಮಣ್ಣು, ಉಜ್ಜಿದ ಗುರುತು ಇದ್ದ ಹಾಗೇ ಫೋಟೊ ತೆಗೆದಿಡಿ. ಕ್ಲಚ್ ಮಾಡಿಸುವಾಗ, ಗೇರ್‌ಬಾಕ್ಸ್ ಮೇಲೇರಿಸುವ ಮುಂಚೆ, ಡವೆಲ್ ಎರಡೂ ಇವೆಯಾ ಎಂದು ನಿಂತು ಕೇಳಿ.