ಅಡ್ವಾನ್ಸ್ ದುಡ್ಡು ಮಾಲೀಕರದ್ದಲ್ಲ

ಹೋದ ತಿಂಗಳು ರಿಟೈರ್ ಆದ ಮೇಷ್ಟ್ರೊಬ್ಬರು ನನ್ನ ಆಫೀಸಿಗೆ ಬಂದಿದ್ದರು. ಬೆಂಗಳೂರಿನಲ್ಲಿ ಬಾಡಿಗೆಗೆ ಕೊಡೋಣ ಅಂತ 70 ಲಕ್ಷದ ಫ್ಲ್ಯಾಟ್ ನೋಡಿದ್ದಾರೆ. ರೂಲ್ಡ್ ಹಾಳೆಯಲ್ಲಿ ಲೆಕ್ಕ ನೀಟಾಗಿ ಬರೆದಿತ್ತು. ಬಾಡಿಗೆ 22 ಸಾವಿರ. ಕೆಳಗೆ, "ಅಡ್ವಾನ್ಸ್ 2 ಲಕ್ಷ, ಕಿಚನ್ ಮತ್ತು ವಾರ್ಡ್‌ರೋಬ್ ಕೆಲಸಕ್ಕೆ."

"ಮೇಷ್ಟ್ರೇ, ಮೊದಲು ಆ ಸಾಲು ಹೊಡೆದುಹಾಕಿ" ಎಂದೆ.

ಅಡ್ವಾನ್ಸ್ ಆದಾಯವಲ್ಲ, ಬಾಡಿಗೆದಾರರಿಂದ ಪಡೆದ ಬಡ್ಡಿಯಿಲ್ಲದ ಸಾಲ. ನಮ್ಮೂರಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಪಡೆಯುವುದು ಹಳೇ ರೂಢಿ. ಈಗ ಎಷ್ಟೋ ಕಡೆ ಐದಾರು ತಿಂಗಳಿಗೆ ಇಳಿದಿದೆ. ಎಷ್ಟೇ ಇರಲಿ, ಬಾಡಿಗೆದಾರರು ಹೊರಡುವ ದಿನ ಅದು ಕೈಯಲ್ಲಿರಬೇಕು. ಖರ್ಚು ಮಾಡಿಕೊಂಡ ಮಾಲೀಕರು ಏನು ಮಾಡುತ್ತಾರೆ? ಮುಂದಿನವರ ಅಡ್ವಾನ್ಸ್ ಬರೋವರೆಗೂ ಹಿಂದಿನವರನ್ನು ಕಾಯಿಸುತ್ತಾರೆ. ಅವರೋ ಅದೇ ದುಡ್ಡು ನಂಬಿ ಬೇರೆ ಮನೆಗೆ ಮಾತು ಕೊಟ್ಟಿರುತ್ತಾರೆ. ಇಂಥ ಜಗಳಗಳನ್ನು ನೋಡಿ ನೋಡಿ ನನಗೆ ನಿಜಕ್ಕೂ ಬೇಸರವಾಗಿದೆ.

ಆಮೇಲೆ ಬಾಡಿಗೆ ಲೆಕ್ಕಕ್ಕೆ ಕೂತೆವು. ವರ್ಷಕ್ಕೆ 2,64,000. ಒಂದು ತಿಂಗಳು ಖಾಲಿ ಬಿದ್ದರೆ 2,42,000. ಅಸೋಸಿಯೇಷನ್ ಮೇಂಟೆನೆನ್ಸ್ ತಿಂಗಳಿಗೆ 2,500, ಅದನ್ನು ಇವರೇ ಕಟ್ಟಬೇಕು. ಆಸ್ತಿ ತೆರಿಗೆ, ಪೇಂಟು, ಗೀಸರ್, ಪ್ಲಂಬರ್ ಅಂತ ಇನ್ನೊಂದು 32 ಸಾವಿರ ಇಟ್ಟುಕೊಂಡೆವು. ಉಳಿದದ್ದು 1,80,000. ಸ್ಟಾಂಪ್ ಡ್ಯೂಟಿ, ರಿಜಿಸ್ಟ್ರೇಷನ್ ಸೇರಿ ಮನೆಗೆ ಬೀಳುವುದು ಸುಮಾರು 75 ಲಕ್ಷ. ಅಂದರೆ ಶೇ 2.4. ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ನೆ ಕೂತರು. ಮನೆಯ ಬೆಲೆ ಏರಬಹುದು, ನಿಜ. ಆದರೆ ಪೆನ್ಷನ್ ಜೊತೆ ತಿಂಗಳ ಖರ್ಚಿಗೆ ಆಸರೆ ಬೇಕು ಅನ್ನುವವರಿಗೆ ಇದು ತೀರಾ ಕಡಿಮೆ ಅಲ್ವಾ? ಬ್ಯಾಂಕ್ ಸಾಲ ಮಾಡಿ ಕೊಂಡರಂತೂ ಕೈಯಿಂದಲೇ ಹಾಕಬೇಕು.

ಆದಾಯ ತೆರಿಗೆ ವಿಚಾರ ಚಿಕ್ಕದು. ಬಾಡಿಗೆಯಲ್ಲಿ ನೀವು ಕಟ್ಟಿದ ಆಸ್ತಿ ತೆರಿಗೆ ಕಳೆದು, ಉಳಿದದ್ದರಲ್ಲಿ ಶೇ 30 ರಿಯಾಯಿತಿ ಸಿಗುತ್ತದೆ. ಅದಕ್ಕೆ ಬಿಲ್ಲು ಬೇಡ. ಆಸ್ತಿ ತೆರಿಗೆ ಕಟ್ಟುವಾಗ ಮಾತ್ರ ಬಾಡಿಗೆ ಮನೆ ಎಂದೇ ತೋರಿಸಿ. ಸ್ವಂತ ವಾಸದ ದರ ಕಡಿಮೆ ಅಂತ ಹಾಗೆ ಬರೆದು ನೋಟಿಸ್ ಬರಿಸಿಕೊಳ್ಳಬೇಡಿ.

ಎಲ್ಲರೂ ಹನ್ನೊಂದು ತಿಂಗಳ ಅಗ್ರಿಮೆಂಟ್ ಮಾಡುತ್ತಾರಲ್ಲ, ಒಂದು ವರ್ಷ ಮೀರಿದ ಕರಾರನ್ನು 1908ರ ನೋಂದಣಿ ಕಾಯ್ದೆ ಪ್ರಕಾರ ರಿಜಿಸ್ಟರ್ ಮಾಡಿಸಲೇಬೇಕು ಅನ್ನುವುದೇ ಕಾರಣ. ಆ ಕಾಗದದಲ್ಲಿ ನಾನು ಜಾಸ್ತಿ ಒತ್ತು ಕೊಡುವುದು ಅಡ್ವಾನ್ಸ್ ವಾಪಸ್ಸಿನ ಸಾಲಿಗೆ. ಎಷ್ಟು ದಿನದಲ್ಲಿ ಕೊಡಬೇಕು, ಪೇಂಟಿಗೆ ಎಷ್ಟು ಹಿಡಿಯಬಹುದು, ಎರಡೂ ಅಂಕಿಯಲ್ಲೇ ಇರಲಿ. ಒಂದು ತಿಂಗಳ ಬಾಡಿಗೆ ಹಿಡಿಯುವುದು ರೂಢಿ. ಆದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯೇ ಸಹಜ ಸವೆತವನ್ನು ಬಾಡಿಗೆದಾರರ ಮೇಲೆ ಹೊರಿಸುವುದಿಲ್ಲ. ಮೂರು ವರ್ಷ ಇದ್ದವರ ಗೋಡೆ ಮಾಸಿದ್ದರೆ ಅದು ಹಾನಿಯಲ್ಲ. ಒಡೆದ ವಾಶ್‌ಬೇಸಿನ್ ಹಾನಿ.

ಕೀ ಕೊಡುವ ದಿನ ಇಬ್ಬರೂ ಸೇರಿ ಪ್ರತಿ ರೂಮಿನ, ನಲ್ಲಿಯ, ಸಿಂಕಿನ ಕೆಳಗಿನ ಫೋಟೊ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿಕೊಳ್ಳಿ. ಅಡ್ವಾನ್ಸನ್ನು ಅಂದೇ ಬೇರೆ ಎಫ್‌ಡಿಗೆ ಹಾಕಿ. ಬಡ್ಡಿ ನಿಮ್ಮದು, ಅದಕ್ಕೆ ತೆರಿಗೆಯೂ ನಿಮ್ಮದೇ. ಅವರು ಮನೆ ಬಿಡುವ ನೋಟಿಸ್ ಕೊಟ್ಟ ವಾರವೇ ಎಫ್‌ಡಿ ಮುರಿಸಿ, ಖಾಲಿ ಮಾಡುವ ದಿನ ಅದೇ ಫೋಟೊಗಳನ್ನು ಎದುರಿಟ್ಟುಕೊಂಡು ಮನೆ ನೋಡಿ, ಲಾರಿ ಹೊರಡುವ ಮುಂಚೆ ಅವರ ಖಾತೆಗೆ ಹಾಕಿ.