ತಪ್ಪು ಉತ್ತರಕ್ಕೆ ನಿಮ್ಮ ಕೋರ್ಸ್ ಏನು ಹೇಳುತ್ತದೆ?

ಆನ್‌ಲೈನ್ ಕೋರ್ಸ್ ಸುಧಾರಿಸಬೇಕು ಎಂದು ನನ್ನ ಹತ್ತಿರ ಬರುವ ಅಧ್ಯಾಪಕರಲ್ಲಿ ಹೆಚ್ಚಿನವರು ಮೊದಲು ಕೇಳುವುದು ಕ್ಯಾಮೆರಾ ಬಗ್ಗೆ. ಯಾವುದು ತಗೊಳ್ಳೋಣ, ಹಿಂದೆ ಹಸಿರು ಪರದೆ ಹಾಕಬೇಕಾ, ಸ್ಟುಡಿಯೊದಲ್ಲೇ ರೆಕಾರ್ಡ್ ಮಾಡಬೇಕಾ. ಹೋದ ಸಲ ಅರ್ಧಕ್ಕರ್ಧ ವಿದ್ಯಾರ್ಥಿಗಳು ಮಧ್ಯದಲ್ಲೇ ಬಿಟ್ಟಿರುತ್ತಾರೆ. ಆದ್ದರಿಂದ ಈ ಸಲ ವಿಡಿಯೊಗಳನ್ನೆಲ್ಲ ಹೊಸದಾಗಿ ಮಾಡೋಣ ಎಂದು ತೀರ್ಮಾನಿಸಿಕೊಂಡೇ ಬಂದಿರುತ್ತಾರೆ.

ನಾನು ಕೋರ್ಸ್ ತೆರೆದು ನೇರವಾಗಿ ಮೊದಲ ವಾರದ ಕ್ವಿಜ್‌ಗೆ ಹೋಗುತ್ತೇನೆ. ಬೇಕೆಂದೇ ಒಂದು ತಪ್ಪು ಉತ್ತರ ಒತ್ತುತ್ತೇನೆ. ಪರದೆಯ ಮೇಲೆ ‘ತಪ್ಪು. ಮತ್ತೆ ಪ್ರಯತ್ನಿಸಿ’ ಎಂದು ಬರುತ್ತದೆ. ಅಷ್ಟೇ. ಏನನ್ನು ಪ್ರಯತ್ನಿಸಬೇಕು? ಉಳಿದ ಮೂರು ಆಯ್ಕೆಗಳನ್ನು ಒಂದೊಂದಾಗಿ ಒತ್ತುವುದನ್ನಾ? ವಿದ್ಯಾರ್ಥಿಗಳು ಅದನ್ನೇ ಮಾಡುತ್ತಾರೆ. ನಾವು ಅವರಿಗೆ ಬೇರೆ ದಾರಿಯನ್ನೇ ಬಿಟ್ಟಿಲ್ಲವಲ್ಲ.

ಧ್ವನಿ ಸ್ಪಷ್ಟವಾಗಿರಬೇಕು, ಸಬ್‌ಟೈಟಲ್ ಇರಬೇಕು, ಫೋನಿನಲ್ಲಿ ತೆರೆದರೂ ಓದುವ ಹಾಗಿರಬೇಕು. ಇದನ್ನೆಲ್ಲ ಹೇಳಬೇಕಾಗಿಲ್ಲ. ಅದರಾಚೆಗೆ ವಿಡಿಯೊ ಮೇಲೆ ಸುರಿಯುವ ದುಡ್ಡು ಮತ್ತು ಸಮಯ ನೋಡಿ ನನಗೆ ಸಂಕಟವಾಗುತ್ತದೆ. 2014ರಲ್ಲಿ ಫಿಲಿಪ್ ಗುವೊ, ಜುಹೊ ಕಿಮ್ ಮತ್ತು ರಾಬ್ ರೂಬಿನ್ ಎಂಬ ಸಂಶೋಧಕರು ಎಡ್‌ಎಕ್ಸ್ ಎಂಬ ಆನ್‌ಲೈನ್ ಕೋರ್ಸ್ ತಾಣದ 4 ಕೋರ್ಸ್‌ಗಳಲ್ಲಿ 69 ಲಕ್ಷ ಸಲ ವಿಡಿಯೊ ನೋಡಿದ ದಾಖಲೆಗಳನ್ನು ಪರಿಶೀಲಿಸಿದರು. ಮೇಜಿನ ಮುಂದೆ ಕೂತು ಸಹಜವಾಗಿ ಮಾತಾಡಿದ ವಿಡಿಯೊಗಳನ್ನು ಜನ ದುಬಾರಿ ಸ್ಟುಡಿಯೊ ವಿಡಿಯೊಗಳಿಗಿಂತ ಜಾಸ್ತಿ ಹೊತ್ತು ನೋಡಿದ್ದೂ ಉಂಟು. ವಿಡಿಯೊ 6 ನಿಮಿಷ ಮೀರಬಾರದು ಎಂದು ಎಲ್ಲರೂ ಹೇಳುವ ಮಾತು ಹುಟ್ಟಿದ್ದೂ ಅಲ್ಲಿಂದಲೇ. ಆದರೆ ಅವರು ಅಳೆದದ್ದು ಎಷ್ಟು ಹೊತ್ತು ನೋಡಿದರು ಎಂಬುದನ್ನು. ನೋಡಿದವರು ಎಷ್ಟು ಕಲಿತರು ಎಂಬುದು ಬೇರೆ ಪ್ರಶ್ನೆ. 6 ನಿಮಿಷದ ವಿಡಿಯೊ ಮಾಡಿಬಿಟ್ಟೆ, ಕೋರ್ಸ್ ಚೆನ್ನಾಯಿತು ಎಂದುಕೊಳ್ಳಬೇಡಿ.

ಆ ಬೇರೆ ಪ್ರಶ್ನೆಗೆ ಸ್ವಲ್ಪ ಹತ್ತಿರ ಹೋದದ್ದು 2015ರ ಇನ್ನೊಂದು ಅಧ್ಯಯನ. ಕೆನೆತ್ ಕೋಡಿಂಜರ್ ಮತ್ತು ಸಂಗಡಿಗರು ಮನಶ್ಶಾಸ್ತ್ರದ ಒಂದು ಆನ್‌ಲೈನ್ ಕೋರ್ಸ್ ತೆಗೆದುಕೊಂಡು ನೋಡಿದರು. ಹೆಚ್ಚು ಅಭ್ಯಾಸ ಮಾಡಿದ್ದರಿಂದ ಸಿಕ್ಕ ಲಾಭ, ಹೆಚ್ಚು ವಿಡಿಯೊ ನೋಡಿದ್ದರಿಂದ ಅಥವಾ ಹೆಚ್ಚು ಓದಿದ್ದರಿಂದ ಸಿಕ್ಕ ಲಾಭದ 6 ಪಟ್ಟಿಗೂ ಜಾಸ್ತಿ ಎಂದು ಅಂದಾಜು ಮಾಡಿದರು. ಒಂದೇ ಕೋರ್ಸ್‌ನ ಲೆಕ್ಕ ಇದು. ಎಲ್ಲ ಕಡೆಯೂ 6 ಪಟ್ಟೇ ಬರುತ್ತದೆ ಎಂದು ನಾನು ಹೇಳಲಾರೆ. ಇದನ್ನು ಕೇಳಿದ ಕೆಲವರು ಮರುವಾರವೇ 200 ಪ್ರಶ್ನೆ ತಂದು ಸುರಿಯುತ್ತಾರೆ. ಆದರೆ ಆ ಮನಶ್ಶಾಸ್ತ್ರದ ಕೋರ್ಸ್‌ನ ಅಭ್ಯಾಸಗಳು ತಪ್ಪಿದಾಗ ಸುಳಿವು ಕೊಡುತ್ತಿದ್ದವು, ಎಲ್ಲಿ ತಪ್ಪಿತು ಎಂದು ಹೇಳುತ್ತಿದ್ದವು. ಈ ಸಣ್ಣ ವಿಷಯವನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಸಂಖ್ಯಾಶಾಸ್ತ್ರ ಕಲಿಸುವ ಅಧ್ಯಾಪಕಿಯೊಬ್ಬರ ಕೋರ್ಸ್‌ನಲ್ಲಿ ಒಂದು ಪ್ರಶ್ನೆ ಇತ್ತು. ಒಂದು ರೋಗ 100ರಲ್ಲಿ ಒಬ್ಬರಿಗೆ ಇದೆ. ರೋಗ ಇದ್ದವರಲ್ಲಿ 100ಕ್ಕೆ 90 ಮಂದಿಗೆ ಪರೀಕ್ಷೆ ಪಾಸಿಟಿವ್ ತೋರಿಸುತ್ತದೆ. ರೋಗ ಇಲ್ಲದವರಲ್ಲೂ 100ಕ್ಕೆ 9 ಮಂದಿಗೆ ತಪ್ಪಾಗಿ ಪಾಸಿಟಿವ್ ಬರುತ್ತದೆ. ಒಬ್ಬರಿಗೆ ಪಾಸಿಟಿವ್ ಬಂದಿದೆ. ಅವರಿಗೆ ನಿಜಕ್ಕೂ ರೋಗ ಇರುವ ಸಾಧ್ಯತೆ ಶೇಕಡ ಎಷ್ಟು?

ತುಂಬ ಜನ 90 ಎಂದು ಒತ್ತುತ್ತಿದ್ದರು. ಆಕೆ ಆ ಪಾಠದ ವಿಡಿಯೊವನ್ನು ಮೂರು ಸಲ ಹೊಸದಾಗಿ ಮಾಡಿದ್ದರು. ಮೂರೂ ಚೆನ್ನಾಗಿದ್ದವು. ಆದರೂ 90 ಬರುವುದು ನಿಲ್ಲಲಿಲ್ಲ.

1000 ಜನರನ್ನು ಇಟ್ಟುಕೊಂಡು ಎಣಿಸಿ ನೋಡಿ. 10 ಜನಕ್ಕೆ ರೋಗ ಇದೆ, ಅವರಲ್ಲಿ 9 ಮಂದಿಗೆ ಪಾಸಿಟಿವ್. ಉಳಿದ 990 ಆರೋಗ್ಯವಂತರಲ್ಲೂ ಸುಮಾರು 89 ಮಂದಿಗೆ ಪಾಸಿಟಿವ್. ಒಟ್ಟು 98ರಲ್ಲಿ ರೋಗ ಇರುವವರು ಬರೀ 9. ಅಂದರೆ ಸುಮಾರು ಶೇಕಡ 9.

90 ಒತ್ತಿದ ಹುಡುಗ ದಡ್ಡನಲ್ಲ. ರೋಗ ಇರುವ 10 ಜನರನ್ನು ನೋಡಿ, 990 ಜನರನ್ನು ಮರೆತಿದ್ದಾನೆ. ಅವನಿಗೆ ‘ತಪ್ಪು’ ಎಂದರೆ ಏನೂ ತಿಳಿಯುವುದಿಲ್ಲ. ಸರಿ ಉತ್ತರ 9 ಎಂದು ಹೇಳಿಬಿಟ್ಟರೂ ಅಷ್ಟೇ, ನೋಡಿಕೊಂಡು ಮುಂದೆ ಹೋಗುತ್ತಾನೆ. ಆ ಜಾಗದಲ್ಲಿ ಹೀಗೆ ಬರೆಯಬಹುದಿತ್ತು: ‘ನೀವು ರೋಗ ಇರುವವರನ್ನು ಮಾತ್ರ ಲೆಕ್ಕ ಹಾಕಿದ್ದೀರಿ. ರೋಗ ಇಲ್ಲದ 990 ಜನರಲ್ಲಿ ಎಷ್ಟು ಮಂದಿಗೆ ಪಾಸಿಟಿವ್ ಬರುತ್ತದೆ? ಎಣಿಸಿ, ಆಮೇಲೆ ಮತ್ತೆ ಉತ್ತರಿಸಿ.’ 81 ಒತ್ತಿದವರು 90ರಿಂದ 9 ಕಳೆದಿರುತ್ತಾರೆ. ಅವರಿಗೆ ಇದೇ ಮಾತು ಹೇಳಿದರೆ ನಾಟುವುದಿಲ್ಲ. ಅವೆರಡೂ ಬೇರೆ ಬೇರೆ ಗುಂಪಿನ ಜನರ ಲೆಕ್ಕ, ಒಂದರಿಂದ ಒಂದನ್ನು ಕಳೆಯಲು ಬರುವುದಿಲ್ಲ ಎಂದು ತೋರಿಸಬೇಕು. ಒಂದೊಂದು ತಪ್ಪಿನ ಹಿಂದೆಯೂ ಒಂದು ಯೋಚನೆ ಇರುತ್ತದೆ. ಉತ್ತರ ಕೊಡಬೇಕಾದದ್ದು ಆ ಯೋಚನೆಗೆ.

ಇನ್ನೊಂದು ವಿಷಯ ಆಮೇಲೆ ಗಮನಕ್ಕೆ ಬಂತು. ಸರಿ ಉತ್ತರ 9, ಪ್ರಶ್ನೆಯಲ್ಲೂ 9 ಇದೆ ಅಲ್ವಾ? ಲೆಕ್ಕವನ್ನೇ ಮಾಡದೆ, ಪ್ರಶ್ನೆಯಲ್ಲಿ ಕಂಡ ಸಂಖ್ಯೆಯನ್ನು ಸುಮ್ನೆ ಒತ್ತಿದವರಿಗೂ ಅಂಕ ಸಿಕ್ಕಿತ್ತು. ತಪ್ಪು ಪಾಸಿಟಿವ್ ಪ್ರಮಾಣವನ್ನು 5ಕ್ಕೆ ಇಳಿಸಿದೆವು. ಈಗ ಉತ್ತರ ಸುಮಾರು 15 ಬರುತ್ತದೆ. ಅದನ್ನು ಪ್ರಶ್ನೆಯಿಂದ ಎತ್ತಿಕೊಳ್ಳಲು ಆಗುವುದಿಲ್ಲ.

‘ಮೇಡಂ, ಮಕ್ಕಳು ಯಾಕೆ ತಪ್ಪು ಮಾಡುತ್ತಾರೆ ಅಂತ ನನಗೆ ಹೇಗೆ ಗೊತ್ತಾಗಬೇಕು?’ ಎಂದು ಆಕೆ ಕೇಳಿದ್ದರು. ಹಳೆಯ ಉತ್ತರ ಪತ್ರಿಕೆಗಳನ್ನು ತೆಗೆಯಿರಿ ಎಂದೆ. ಒಂದು ವಾರ ಬಿಟ್ಟು ಫೋನ್ ಮಾಡಿದರು. ‘ಇಷ್ಟು ವರ್ಷ ಅಂಕ ಕಳೆಯುತ್ತಾ ಹೋಗಿದ್ದೆ ಮೇಡಂ, ಅವರು ಬರೆದದ್ದನ್ನು ಈಗ ಓದುತ್ತಿದ್ದೇನೆ’ ಎಂದರು. ಇಂಥ ಅಧ್ಯಾಪಕರು ಸಿಕ್ಕಿದಾಗ ಈ ಕೆಲಸ ಬಹಳ ಇಷ್ಟವಾಗುತ್ತದೆ.

ಹಳೆಯ ಪತ್ರಿಕೆ ಇಲ್ಲದ ಹೊಸ ಕೋರ್ಸ್ ಆದರೆ, ಮೊದಲ ಸಲ ಆಯ್ಕೆಗಳನ್ನೇ ಕೊಡಬೇಡಿ. ಉತ್ತರವನ್ನು ಬರೆಯಲು ಬಿಡಿ. ಬಂದ ತಪ್ಪುಗಳೇ ಮುಂದಿನ ಸಲದ ಆಯ್ಕೆಗಳು.

ಸಾಹಿತ್ಯ, ಇತಿಹಾಸದವರು ‘ನಮ್ಮಲ್ಲಿ ಸರಿ, ತಪ್ಪು ಅಂತ ಇಲ್ಲವಲ್ಲ’ ಎನ್ನುತ್ತಾರೆ. ನಿಜ, ಅಲ್ಲಿ ಈ ದಾರಿ ಪೂರ್ತಿ ಹೊಂದುವುದಿಲ್ಲ. ಸಾಧಾರಣ ಉತ್ತರ ಒಂದು, ಒಳ್ಳೆಯ ಉತ್ತರ ಒಂದು ಪಕ್ಕಪಕ್ಕ ಇಟ್ಟು ಏನು ವ್ಯತ್ಯಾಸ ಎಂದು ಕೇಳಿ. ಸಾವಿರ ವಿದ್ಯಾರ್ಥಿಗಳಿದ್ದರೆ ಎಲ್ಲರಿಗೂ ಉತ್ತರಿಸಲು ಆಗುವುದಿಲ್ಲ. ವಾರಕ್ಕೆ 20 ಬರಹ ಓದಿ, ಅವುಗಳಲ್ಲಿ ಕಂಡದ್ದನ್ನು ಎಲ್ಲರಿಗೂ ಒಂದೇ ಪತ್ರದಲ್ಲಿ ಬರೆದರೂ ಸಾಕು. ನಮ್ಮ ಬರಹವನ್ನು ಯಾರೋ ಓದುತ್ತಿದ್ದಾರೆ ಎಂದು ಅವರಿಗೆ ಗೊತ್ತಾಗುತ್ತದೆ.

ಹೀಗೆ ಮಾಡಿದರೆ ಬಿಟ್ಟು ಹೋಗುವವರು ನಿಂತೇಬಿಡುತ್ತಾರೆ ಎಂದು ನಾನು ಭರವಸೆ ಕೊಡುವುದಿಲ್ಲ. ಕೆಲಸ, ಮನೆ, ಕಾಯಿಲೆ, ಇಂಟರ್‌ನೆಟ್, ಕಾರಣ ನೂರಿರುತ್ತವೆ. ಉಳಿದವರು ಕಲಿಯುತ್ತಾರಾ ಎಂಬುದಷ್ಟೇ ನಮ್ಮ ಕೈಯಲ್ಲಿರುವುದು.

ಈ ಸೆಮಿಸ್ಟರ್‌ಗೆ ಆ ಅಧ್ಯಾಪಕಿ ಕಳಿಸಿದ ಫೋಲ್ಡರ್‌ನಲ್ಲಿ ವಿಡಿಯೊಗಳು ಹಳೆಯವೇ. ಜೊತೆಗೆ ಒಂದು ಎಕ್ಸೆಲ್ ಶೀಟ್ ಇತ್ತು. ಒಂದು ಕಡೆ 60ಕ್ಕೂ ಹೆಚ್ಚು ತಪ್ಪು ಉತ್ತರಗಳು, ಎದುರಿಗೆ ವಿದ್ಯಾರ್ಥಿಗೆ ಹೇಳಬೇಕಾದ ಮಾತು. ಆರೇಳರ ಎದುರು ಮಾತ್ರ ಖಾಲಿ ಬಿಟ್ಟಿದ್ದರು. ‘ಇವು ಯಾಕೆ ಹೀಗೆ ಬಂದವೋ ಎಷ್ಟು ಯೋಚಿಸಿದರೂ ಗೊತ್ತಾಗಲಿಲ್ಲ, ಈ ಸಲ ಅವರನ್ನೇ ಕೇಳುತ್ತೇನೆ’ ಎಂದು ಕೆಳಗೆ ಬರೆದಿದ್ದರು.