ಪದ ಪರಿಚಯ: ಸ್ಲಾಟ್ ಕಾರ್

ಟ್ರ್ಯಾಕಿನ ಮೇಲೆ ಕೊರೆದ ಸಪೂರ ಸೀಳಿನೊಳಗೆ ಮೂತಿಯ ಕೆಳಗಿನ ಒಂದು ತೆಳು ಅಲಗನ್ನು ಇಳಿಬಿಟ್ಟುಕೊಂಡು, ಸೀಳಿನ ಎರಡೂ ಬದಿಯ ಲೋಹದ ಪಟ್ಟಿಗಳಿಂದ ಕರೆಂಟ್ ಪಡೆದು ಓಡುವ ಚಿಕ್ಕ ಎಲೆಕ್ಟ್ರಿಕ್ ಕಾರೇ ಸ್ಲಾಟ್ ಕಾರ್. ಆ ಸೀಳಿಗೆ ಸ್ಲಾಟ್ ಎಂದು ಹೆಸರು. ಕಾರಿನಲ್ಲಿ ಬ್ಯಾಟರಿ ಇಲ್ಲ, ಸ್ಟೀರಿಂಗ್ ಇಲ್ಲ. ಓಡಿಸುವವರ ಕೈಯಲ್ಲಿ ಪಿಸ್ತೂಲಿನ ಆಕಾರದ ಒಂದು ಕಂಟ್ರೋಲರ್, ಅದಕ್ಕೊಂದು ಟ್ರಿಗರ್. ಟ್ರಿಗರ್ ಒತ್ತಿದಷ್ಟು ವೇಗ, ಬಿಟ್ಟರೆ ಬ್ರೇಕ್.

ಇಷ್ಟು ವಿವರಿಸಿದ ಮೇಲೆ ಬೆಳಗಾವಿಯಲ್ಲಿ ನನಗೆ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ ಒಂದೇ: "ಸ್ಟೀರಿಂಗ್ ಇಲ್ಲಂದ್ರ ಓಡಸೂದೇನೈತ್ರಿ? ಅದು ತಾನ ಹೋಗ್ತೈತಲ್ಲ?" ನ್ಯಾಯವಾದ ಪ್ರಶ್ನೆ. ಇದಕ್ಕೆ ಸಿಗುವ ಉತ್ತರದಲ್ಲೇ ಈ ಪದದ ನಿಜವಾದ ಅರ್ಥ ಇದೆ. ಎತ್ತ ಹೋಗಬೇಕು ಎಂಬುದನ್ನಷ್ಟೇ ಸ್ಲಾಟ್ ಹೇಳುತ್ತದೆ. ಕಾರು ಆ ದಾರಿಯಲ್ಲೇ ಉಳಿಯುತ್ತದೋ, ತಿರುವಿನಲ್ಲಿ ಹಾರಿ ಗೋಡೆಗೆ ಬಡಿಯುತ್ತದೋ ಎಂಬುದು ಬೆರಳಿಗೆ ಬಿಟ್ಟ ವಿಷಯ.

ಮಳೆಗಾಲ ಮುಗಿದ ಮೇಲೆ ಎರೆಹೊಲದ ದಾರಿಯಲ್ಲಿ ಚಕ್ಕಡಿ ಗಾಲಿ ಕೊರೆದ ಜಾಡು ಒಣಗಿ ಕಲ್ಲಿನಷ್ಟು ಗಟ್ಟಿಯಾಗುತ್ತದೆ. ಗಾಲಿ ಒಮ್ಮೆ ಅದರಲ್ಲಿ ಇಳಿದರೆ ಎತ್ತುಗಳನ್ನು ಹಿಡಿಯದಿದ್ದರೂ ಗಾಡಿ ದಾರಿ ಬಿಡುವುದಿಲ್ಲ. ಸ್ಲಾಟ್ ಕೂಡ ಹಾಗೇ ಎಂದು ಹೊಸಬರು ಭಾವಿಸುತ್ತಾರೆ. ಆದರೆ ಇಲ್ಲಿ ಗಾಲಿಗಳು ಸೀಳಿನೊಳಗೆ ಇರುವುದೇ ಇಲ್ಲ. ನಾಲ್ಕೂ ಸಪಾಟಾದ ನೆಲದ ಮೇಲಿರುತ್ತವೆ. ಸೀಳಿನೊಳಗೆ ಇರುವುದು ಮುಂಭಾಗದ ಆ ತೆಳು ಅಲಗು ಮಾತ್ರ. ಅದಕ್ಕೆ ಗೈಡ್ ಎನ್ನುತ್ತಾರೆ. ಗೈಡ್ ತನ್ನ ಅಚ್ಚಿನ ಮೇಲೆ ಎಡಬಲಕ್ಕೆ ತಿರುಗುತ್ತದೆ, ಮತ್ತು ಅದರ ಹಿಂದಿನ ಇಡೀ ಕಾರು ಸ್ವತಂತ್ರ. ತಿರುವಿನಲ್ಲಿ ಹಿಂಭಾಗ ಹೊರಕ್ಕೆ ಜಾರುತ್ತದೆ. ಸ್ವಲ್ಪ ಜಾರಿದರೆ ಅದು ಚೆಂದದ ಡ್ರಿಫ್ಟ್. ಅತಿಯಾದರೆ ಗೈಡ್ ತನ್ನ ಕೊನೆಯ ಕೋನಕ್ಕೆ ತಾಗಿ ಸೀಳಿನಿಂದ ಮೇಲೆದ್ದು ಬಿಡುತ್ತದೆ. ಇದಕ್ಕೆ ಡಿಸ್ಲಾಟ್ ಎನ್ನುತ್ತಾರೆ. ಹೊಸಬರು ಮೊದಲು ಕಲಿಯುವ ಪದವೂ ಇದೇ.

ತಿರುವಿನ ಲೆಕ್ಕ ಕಠಿಣವಾದದ್ದು. ವೇಗ ಎರಡು ಪಟ್ಟಾದರೆ ಕಾರನ್ನು ತಿರುವಿನಲ್ಲಿ ಹಿಡಿದಿಡಲು ಬೇಕಾದ ಬಲ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ "ಇನ್ನೊಂಚೂರು" ಎಂದು ಒತ್ತಿದ ಆ ಕೊಂಚವೇ ಕಾರನ್ನು ಟೇಬಲ್ಲಿನಿಂದ ಕೆಳಗೆ ಹಾರಿಸುತ್ತದೆ. ಸ್ಟೀರಿಂಗ್ ಇದ್ದಿದ್ದರೆ ಓಡಿಸುವವರ ಗಮನ ಎರಡು ಕಡೆ ಹಂಚಿಹೋಗುತ್ತಿತ್ತು. ಸ್ಲಾಟ್ ದಿಕ್ಕಿನ ಚಿಂತೆ ಕಳೆದು, ಟೈರಿನ ಹಿಡಿತ ಎಲ್ಲಿ ಮುಗಿಯುತ್ತದೆ ಎಂಬ ಒಂದೇ ಗೆರೆಯ ಮೇಲೆ ನಮ್ಮನ್ನು ನಿಲ್ಲಿಸುತ್ತದೆ. ಪ್ರತಿ ತಿರುವಿನಲ್ಲೂ ಆ ಗೆರೆಯ ಹತ್ತಿರಕ್ಕೆ ಹೋಗಿ ದಾಟದೆ ಬರುವುದೇ ಇಲ್ಲಿ ಓಡಿಸುವುದು ಎಂದರೆ.

ಈಗ ಕಾರಿನ ಹೊಟ್ಟೆಯೊಳಗೆ. ಗೈಡಿನ ಎರಡೂ ಬದಿಗೆ ಸಣ್ಣ ತಂತಿ ಹೆಣೆದ ಮೆತ್ತನೆಯ ಪಟ್ಟಿಗಳಿವೆ. ಇವೇ ಬ್ರೇಡ್. ಟ್ರ್ಯಾಕಿನ ಪಟ್ಟಿಯನ್ನು ಸವರುತ್ತ ಕರೆಂಟನ್ನು ಮೋಟರಿಗೆ ಮುಟ್ಟಿಸುವುದು ಅವುಗಳ ಕೆಲಸ. ಸಾಮಾನ್ಯವಾಗಿ 12 ವೋಲ್ಟ್ ಡಿಸಿ. ಮೋಟರಿನ ತುದಿಯಲ್ಲಿ ಪಿನಿಯನ್ ಎಂಬ ಚಿಕ್ಕ ಹಲ್ಲುಚಕ್ರ, ಹಿಂದಿನ ಆ್ಯಕ್ಸಲ್ ಮೇಲೆ ದೊಡ್ಡದು. ಮೋಟರ್ ಕಾರಿನ ಉದ್ದಕ್ಕೆ ಮಲಗಿದ್ದರೆ ಇನ್‌ಲೈನ್, ಆ್ಯಕ್ಸಲ್ಲಿಗೆ ಸಮಾನಾಂತರ ಇದ್ದರೆ ಸೈಡ್‌ವೈಂಡರ್, ಓರೆಯಾಗಿದ್ದರೆ ಆ್ಯಂಗಲ್‌ವೈಂಡರ್. ನಿಮಿಷಕ್ಕೆ 18,000 ಸುತ್ತಿನ ಮೋಟರಿಗೆ 9 ಹಲ್ಲಿನ ಪಿನಿಯನ್, 27 ಹಲ್ಲಿನ ಗೇರ್ ಹಾಕಿದರೆ ಗಾಲಿ ನಿಮಿಷಕ್ಕೆ 6,000 ಸುತ್ತು ತಿರುಗುತ್ತದೆ. 20 ಮಿಲಿಮೀಟರ್ ವ್ಯಾಸದ ಟೈರಾದರೆ ಅದು ಸೆಕೆಂಡಿಗೆ ಸುಮಾರು 6.3 ಮೀಟರ್, ಅಂದರೆ ಗಂಟೆಗೆ 22 ಕಿಲೋಮೀಟರ್ ಚಿಲ್ಲರೆ. ಅಂಗೈಯಷ್ಟು ಉದ್ದದ ವಸ್ತು ಆ ವೇಗದಲ್ಲಿ ಹೋಗುವುದನ್ನು ಕಣ್ಣಿನಿಂದ ಹಿಂಬಾಲಿಸುವುದೇ ಮೊದಲಿಗೆ ಕಷ್ಟ.

ಅಳತೆಗಳು ಮುಖ್ಯವಾಗಿ ಮೂರು. 1/24 ದೊಡ್ಡದು, 1/32 ಮನೆಗೂ ಕ್ಲಬ್ಬಿಗೂ ಹೊಂದುವಂಥದ್ದು, ಎಚ್‌ಒ ಎನ್ನುವುದು ಬೆರಳುದ್ದದ್ದು. 4.2 ಮೀಟರ್ ಉದ್ದದ ನಿಜ ಕಾರು 1/32ರಲ್ಲಿ 13 ಸೆಂಟಿಮೀಟರ್ ಆಗುತ್ತದೆ.

ಇಲ್ಲೊಂದು ಲೆಕ್ಕವನ್ನು ಸರಿಪಡಿಸಬೇಕು. ಗಂಟೆಗೆ 22 ಕಿಲೋಮೀಟರನ್ನು 32ರಿಂದ ಗುಣಿಸಿ "ಸ್ಕೇಲ್ ವೇಗ 700 ಕಿಲೋಮೀಟರ್" ಎಂದು ಹೇಳುವ ಪದ್ಧತಿ ಈ ಹವ್ಯಾಸದಲ್ಲಿ ಇದೆ. ಅದು ನನಗೆ ಒಪ್ಪಿಗೆ ಇಲ್ಲ. ಕಾರು 32 ಪಟ್ಟು ಕುಗ್ಗಿದೆ, ಆದರೆ ಗುರುತ್ವಾಕರ್ಷಣೆ ಕುಗ್ಗಿಲ್ಲ. ಅದೇ ಗುರುತ್ವದಲ್ಲಿ, 32 ಪಟ್ಟು ಚಿಕ್ಕದಾದ ತಿರುವಿನಲ್ಲಿ, ಟೈರಿನ ಮೇಲೆ ಅದೇ ಪ್ರಮಾಣದ ಒತ್ತಡ ಬೀಳಬೇಕಾದರೆ ಗುಣಿಸಬೇಕಾದದ್ದು 32ರ ವರ್ಗಮೂಲದಿಂದ, ಅಂದರೆ ಸುಮಾರು 5.66ರಿಂದ. ಆಗ ಸಿಗುವುದು ಗಂಟೆಗೆ 125ರಿಂದ 130 ಕಿಲೋಮೀಟರ್. ಈ ಸಂಖ್ಯೆ ನಂಬುವಂತಿದೆ. ಸ್ಲಾಟ್ ಕಾರಿನ ಓಟ ನಿಜವಾದ ರೇಸಿನಂತೆ ಅನ್ನಿಸುವುದಕ್ಕೂ ಇದೇ ಕಾರಣ. ಹಾಗೆಂದು ಎಲ್ಲ ಕಾರುಗಳೂ ಇದೇ ಮಿತಿಯಲ್ಲಿಲ್ಲ. ಅಮೆರಿಕದ 155 ಅಡಿಯ ಕಿಂಗ್ ಟ್ರ್ಯಾಕಿನಲ್ಲಿ ವಿಂಗ್ ಕಾರ್ ಎಂಬ ಜಾತಿಯವು ಒಂದು ಸುತ್ತನ್ನು ಎರಡು ಸೆಕೆಂಡಿಗಿಂತ ಕಡಿಮೆ ಸಮಯದಲ್ಲಿ ಮುಗಿಸುತ್ತವೆ. ಅವು ನೋಡಲು ಕಾರಿನಂತೆಯೇ ಇರುವುದಿಲ್ಲ.

ಸೀಳು ಹುಟ್ಟಿದ್ದು ಹೇಗೆ? 1912ರಲ್ಲೇ ಅಮೆರಿಕದ ಲಯನೆಲ್ ಎಂಬ ಆಟಿಕೆ ರೈಲು ಕಂಪನಿ ಎಲೆಕ್ಟ್ರಿಕ್ ರೇಸ್ ಕಾರುಗಳನ್ನು ಮಾರಿತ್ತು. 1950ರ ದಶಕದಲ್ಲಿ ಬ್ರಿಟನ್ನಿನ ಮಾದರಿ ತಯಾರಕರು ನೆಲದಿಂದ ಉಬ್ಬಿದ ಹಳಿಯ ಮೇಲೆ ಕಾರು ಓಡಿಸುತ್ತಿದ್ದರು. ಹಳಿಯ ಬದಲು ಸೀಳು ಬಂದ ಮೇಲೆ ನೆಲ ಸಪಾಟಾಯಿತು, ಕಾರಿಗೆ ಜಾರಲು ಜಾಗ ಸಿಕ್ಕಿತು. ಫ್ರೆಡ್ ಫ್ರಾನ್ಸಿಸ್ ಎಂಬವರ ಮಿನಿಮಾಡೆಲ್ಸ್ ಕಂಪನಿ 1952ರಿಂದ ಸ್ಪ್ರಿಂಗಿನ ಬಲದಿಂದ ಓಡುವ ಸ್ಕೇಲೆಕ್ಸ್ ಎಂಬ ತಗಡಿನ ಕಾರು ಮಾಡುತ್ತಿತ್ತು. ಅದಕ್ಕೇ ಎಲೆಕ್ಟ್ರಿಕ್ ಮೋಟರ್ ಕೂಡಿಸಿ 1957ರಲ್ಲಿ ಸ್ಕೇಲೆಕ್ಸ್‌ಟ್ರಿಕ್ ತಂದರು. ಇವತ್ತಿಗೂ ಹಲವು ದೇಶಗಳಲ್ಲಿ ಸ್ಲಾಟ್ ಕಾರ್ ಎಂದರೆ ಜನರ ಬಾಯಿಗೆ ಮೊದಲು ಬರುವುದು ಆ ಹೆಸರು. 1960ರ ದಶಕದಲ್ಲಿ ಅಮೆರಿಕದಲ್ಲಿ ಇದರ ಹುಚ್ಚು ಏರಿತು. ಗಂಟೆಗಿಷ್ಟು ಎಂದು ಹಣ ಕೊಟ್ಟು ಓಡಿಸುವ ದೊಡ್ಡ ಟ್ರ್ಯಾಕುಗಳು ಊರೂರಿನಲ್ಲಿ ತೆರೆದವು, ದಶಕದ ಕೊನೆಗೆ ಬಹುಪಾಲು ಮುಚ್ಚಿದವು. ಉಳಿದವರು ಹವ್ಯಾಸಿಗಳು.

ಕಂಟ್ರೋಲರ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಏಕೆಂದರೆ ಬ್ರೇಕ್ ಅಲ್ಲಿದೆ. ಹಳೆಯ ಮಾದರಿಯೊಳಗೆ ತಂತಿ ಸುತ್ತಿದ ರೆಸಿಸ್ಟರ್ ಇರುತ್ತದೆ. ಟ್ರಿಗರ್ ಒತ್ತಿದಂತೆ ತಡೆ ಕಡಿಮೆಯಾಗಿ ಕರೆಂಟ್ ಹೆಚ್ಚುತ್ತದೆ. ಪೂರ್ತಿ ಬಿಟ್ಟಾಗ ಅದು ಬರೀ ಕರೆಂಟ್ ಕಡಿಯುವುದಿಲ್ಲ, ಲೇನಿನ (ಒಂದು ಸೀಳು, ಅದರ ಪಟ್ಟಿಗಳು ಸೇರಿ ಒಂದು ಲೇನ್) ಎರಡು ಪಟ್ಟಿಗಳನ್ನು ಪರಸ್ಪರ ಜೋಡಿಸುತ್ತದೆ. ಆ ಕ್ಷಣ ತಿರುಗುತ್ತಲೇ ಇರುವ ಮೋಟರ್ ಜನರೇಟರ್ ಆಗುತ್ತದೆ. ತಾನೇ ಹುಟ್ಟಿಸಿದ ಕರೆಂಟ್ ತನ್ನನ್ನೇ ತಡೆಯುತ್ತದೆ, ಕಾರು ಗಕ್ಕನೆ ನಿಧಾನವಾಗುತ್ತದೆ. ಕಾರಿನಲ್ಲಿ ಬ್ರೇಕಿನ ಒಂದು ಬಿಡಿಭಾಗವೂ ಇಲ್ಲದೆ ಬ್ರೇಕ್ ಹಿಡಿಯುವ ಈ ಏರ್ಪಾಡು ನನಗೆ ಇಡೀ ಹವ್ಯಾಸದಲ್ಲೇ ಅತ್ಯಂತ ಸುಂದರವಾಗಿ ಕಾಣುತ್ತದೆ. ಹೊಸ ಎಲೆಕ್ಟ್ರಾನಿಕ್ ಕಂಟ್ರೋಲರುಗಳಲ್ಲಿ ಬ್ರೇಕ್ ಎಷ್ಟು ಬಿಗಿ ಇರಬೇಕು ಎಂಬುದನ್ನೂ ಗುಂಡಿ ತಿರುಗಿಸಿ ಹೊಂದಿಸಬಹುದು.

ಮಾರ್ಪಾಡು ಶುರುವಾಗುವುದು ಟೈರಿನಿಂದ. ಪೆಟ್ಟಿಗೆಯಿಂದ ತೆಗೆದ ಕಾರಿನ ಟೈರುಗಳು ಸಾಮಾನ್ಯವಾಗಿ ಪೂರ್ತಿ ದುಂಡಗಿರುವುದಿಲ್ಲ. ಅವನ್ನು ರಿಮ್ಮಿಗೆ ಅಂಟಿಸಿ, ಗಾಲಿ ತಿರುಗಿಸುತ್ತ ಸ್ಯಾಂಡ್‌ಪೇಪರಿಗೆ ಮುಟ್ಟಿಸಿ ಸಮ ಮಾಡುವುದೇ ಟ್ರೂಯಿಂಗ್. ಮೋಟರ್ ಬದಲಿಸುವ ಮೊದಲು ಇದನ್ನು ಮಾಡಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಸುತ್ತಿನ ಸಮಯ ಇದರಿಂದಲೇ ಇಳಿಯುತ್ತದೆ, ಮೋಟರಿನಿಂದ ಬಹಳ ಸಲ ಇಳಿಯುವುದೇ ಇಲ್ಲ. ಆಮೇಲೆ ಬಾಡಿಯ ಸ್ಕ್ರೂಗಳನ್ನು ಅರ್ಧ ಸುತ್ತು ಸಡಿಲಿಸುವುದು. ಚಾಸಿಯ ಮೇಲೆ ಬಾಡಿ ಕೊಂಚ ಅಲುಗಾಡಿದರೆ ತಿರುವಿನ ನಡುಕ ಟೈರಿಗೆ ತಲುಪದು. ಗುರುತ್ವಕೇಂದ್ರ ಕೆಳಗೆ ಇಳಿಯಲು ಚಾಸಿಗೆ ಸೀಸದ ತುಣುಕು ಅಂಟಿಸುತ್ತಾರೆ. ಮುಂದೆ ಹೋದವರು ಹಿತ್ತಾಳೆ ತಗಡು, ಸ್ಪ್ರಿಂಗ್ ಸ್ಟೀಲ್ ತಂತಿ ಬೆಸುಗೆ ಹಾಕಿ ಚಾಸಿಯನ್ನೇ ಮೊದಲಿನಿಂದ ಕಟ್ಟುತ್ತಾರೆ.

ಈ ಕೆಲಸಕ್ಕೆ ಬೆಳಗಾವಿಗಿಂತ ಬರೋಬ್ಬರಿ ಊರು ನಮ್ಮ ಕಡೆ ಬೇರೆ ಇದೆಯೇ? ಇಲ್ಲಿನ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಎರಕದ ಕಾರ್ಖಾನೆಗಳು, ಲೇತ್‌ಗಳು, ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರಗಳು ಸಾಲುಸಾಲಾಗಿವೆ. ಡಯಲ್ ಗೇಜ್ ಹಿಡಿದು ಶಾಫ್ಟಿನ ರನ್‌ಔಟ್, ಅಂದರೆ ತಿರುಗುವಾಗಿನ ಓಲಾಟ, ನೋಡುವುದು ಅಲ್ಲಿನವರಿಗೆ ದಿನದ ಕೆಲಸ. 1/32 ಕಾರುಗಳಲ್ಲಿ ಬಳಕೆಯಲ್ಲಿರುವ ಒಂದು ಆ್ಯಕ್ಸಲ್ ಅಳತೆ 3/32 ಇಂಚು, ಅಂದರೆ 2.38 ಮಿಲಿಮೀಟರ್. ಅಂಥ ಆ್ಯಕ್ಸಲ್ಲನ್ನು ನೇರವಾಗಿ, ಅದರ ಹಿತ್ತಾಳೆ ಬುಷ್ಷನ್ನು ಸರಿಯಾದ ಸಡಿಲಿನಲ್ಲಿ ಮಾಡಿಕೊಡಬಲ್ಲ ಕೈಗಳು ಇಲ್ಲಿವೆ. ಪಂಪು, ವಾಲ್ವಿನ ಕೆಲಸದಲ್ಲಿ ಪಳಗಿದ ಯಾರಾದರೂ ಸೂಟಿಯ ದಿನ ಸ್ಲಾಟ್ ಕಾರ್ ಬಿಚ್ಚಿ ನೋಡಿದರೆ ಅದರ ಭಾಷೆ ಅವರಿಗೆ ಆಗಲೇ ಗೊತ್ತಿರುತ್ತದೆ.

ಆಯಸ್ಕಾಂತದ ಮಾತೂ ಬರಬೇಕು. ಅಂಗಡಿಯ ಸೆಟ್ಟುಗಳಲ್ಲಿ ಕಾರಿನ ಹೊಟ್ಟೆಗೆ ಒಂದು ಆಯಸ್ಕಾಂತ ಇರುತ್ತದೆ. ಅದು ಟ್ರ್ಯಾಕಿನ ಉಕ್ಕಿನ ಪಟ್ಟಿಗೆ ಕಾರನ್ನು ಎಳೆದು ಹಿಡಿಯುತ್ತದೆ. ಮಕ್ಕಳಿಗೆ ಅದು ಒಳ್ಳೆಯದು, ಕಾರು ಸುಲಭಕ್ಕೆ ಹಾರುವುದಿಲ್ಲ. ಆದರೆ ಹಿಡಿತದ ಕೆಲಸವನ್ನು ಆಯಸ್ಕಾಂತ ತೆಗೆದುಕೊಂಡರೆ ಬೆರಳಿಗೆ ಏನೂ ಉಳಿಯುವುದಿಲ್ಲ. ಮಿತಿ ದಾಟಿದಾಗ ಕಾರು ಜಾರುವ ಸೂಚನೆಯನ್ನೂ ಕೊಡದೆ ಸಿಡಿಯುತ್ತದೆ. ಕೈ ಪಳಗಿದ ಮೇಲೆ ಅದನ್ನು ತೆಗೆದುಬಿಡಿ ಎಂಬುದು ನನ್ನ ಸಲಹೆ. ಹಲವು ಕ್ಲಬ್ಬುಗಳಲ್ಲಿ ಅದು ನಿಯಮವೇ. ಒಂದೇ ಲೇನಿನಲ್ಲಿ ಹಲವು ಕಾರು ಓಡಿಸಿ ಗುಂಡಿ ಒತ್ತಿದರೆ ಲೇನ್ ಬದಲಿಸುವ ಡಿಜಿಟಲ್ ಪದ್ಧತಿಯೂ ಇದೆ. ಅದರ ಸ್ವಾದ ಬೇರೆ.

ಮನೆಯಲ್ಲೇ ಟ್ರ್ಯಾಕ್ ಕಟ್ಟುವವರಿಗೆ ಎಂಡಿಎಫ್ ಹಲಗೆ (ಮರದ ನಾರು ಒತ್ತಿ ಮಾಡಿದ್ದು), ಮರದಲ್ಲಿ ಸೀಳು ಕೊರೆಯುವ ರೂಟರ್ ಯಂತ್ರ, ತಾಮ್ರದ ಟೇಪ್ ಸಾಕು. ಸೀಳು 3 ಮಿಲಿಮೀಟರ್ ಅಗಲ, 7ರಿಂದ 8 ಮಿಲಿಮೀಟರ್ ಆಳ. ಲೇನಿನಿಂದ ಲೇನಿಗೆ 9ರಿಂದ 10 ಸೆಂಟಿಮೀಟರ್ ಅಂತರ. ಸೈನ್‌ಬೋರ್ಡ್ ಮಾಡುವವರ ಸಿಎನ್‌ಸಿ ರೂಟರಿನಲ್ಲಿ ಇದನ್ನು ಕೊರೆಸಿಕೊಳ್ಳಬಹುದು. ಟೇಪಿಗೆ ಒಂದೇ ಕಡೆ ಕರೆಂಟ್ ಕೊಟ್ಟರೆ ದೂರದ ಮೂಲೆಯಲ್ಲಿ ಕಾರು ಸೊರಗುತ್ತದೆ. ನಾಲ್ಕಾರು ಕಡೆ ತಂತಿ ಜೋಡಿಸಬೇಕು. ಪ್ರತಿ ಲೇನಿಗೂ ಬೇರೆ ಪವರ್ ಸಪ್ಲೈ ಇರಲಿ. ಒಂದೇ ಆದರೆ ಪಕ್ಕದವರ ಕಾರು ಹಾರಿದ ಕೂಡಲೇ ವೋಲ್ಟೇಜ್ ಏರಿ ನಿಮ್ಮ ಕಾರೂ ಹಾರುತ್ತದೆ. ಬೆಳಗಾವಿಯ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವದಲ್ಲಿ ಬರಿಯ ಎಂಡಿಎಫ್ ಉಬ್ಬುತ್ತದೆ, ಸೀಳು ಬಿಗಿಯಾಗಿ ಗೈಡ್ ಸಿಕ್ಕಿಕೊಳ್ಳುತ್ತದೆ. ಬಣ್ಣ ಹಚ್ಚುವ ಮೊದಲು ಸೀಳಿನ ಒಳಗೋಡೆಗೂ ಸೀಲರ್ ಹಚ್ಚುವುದನ್ನು ಬಿಡಬೇಡಿ. ಬೇಸಿಗೆಯಲ್ಲಿ ಧೂಳಿನ ಕಾಟ: ಒದ್ದೆ ಬಟ್ಟೆಯಲ್ಲಿ ಟೈರ್ ಒರೆಸದೆ ಒಂದು ಸುತ್ತೂ ನೆಟ್ಟಗಾಗದು.

ಶರ್ಯತ್ತಿನ ಕ್ರಮ ಸರಳ, ನ್ಯಾಯವಾದದ್ದು. ಒಳಲೇನಿನ ತಿರುವು ಬಿಗಿ, ಹೊರಲೇನಿನದು ಅಗಲ, ಎರಡೂ ಒಂದೇ ಅಲ್ಲ. ಆದ್ದರಿಂದ ನಾಲ್ಕು ಲೇನಿನ ಟ್ರ್ಯಾಕಿನಲ್ಲಿ ಎಲ್ಲರೂ ನಾಲ್ಕೂ ಲೇನುಗಳಲ್ಲಿ ಸಮಾನ ಅವಧಿ ಓಡಿಸುತ್ತಾರೆ, ಒಟ್ಟು ಸುತ್ತುಗಳ ಮೇಲೆ ಗೆಲುವು. ಆ ಸರದಿಯಲ್ಲಿ ಓಡಿಸದವರು ತಿರುವುಗಳ ಬಳಿ ಮಾರ್ಷಲ್ ಆಗಿ ನಿಂತು, ಡಿಸ್ಲಾಟ್ ಆದ ಕಾರನ್ನು ಸೀಳಿಗೆ ಮರಳಿಸುತ್ತಾರೆ. ಅವಧಿ ಮುಗಿದ ಕ್ಷಣ ಟ್ರ್ಯಾಕಿನ ಕರೆಂಟ್ ನಿಲ್ಲುತ್ತದೆ, ಕಾರುಗಳು ಇದ್ದಲ್ಲೇ ನಿಲ್ಲುತ್ತವೆ. ಸುತ್ತುಗಳು ಸಮವಾದರೆ ಟ್ರ್ಯಾಕಿನ ಅಂಚಿನಲ್ಲಿ ಬರೆದ ವಿಭಾಗದ ಸಂಖ್ಯೆ ನೋಡಿ, ಯಾರ ಕಾರು ಎಷ್ಟು ಮುಂದೆ ನಿಂತಿದೆ ಎಂದು ತೀರ್ಮಾನಿಸುತ್ತಾರೆ.